ನಮ್ಮ ಓಟದ ಪುಸ್ತಕದಲ್ಲಿ ಯಾವ ಸಮಯವನ್ನು ಬರೆಯಬೇಕು? ತುಮಕೂರು ಬಳಗದ ಈ ಋತುವಿನ ಓಟಗಳ ಬಗ್ಗೆ ಚರ್ಚೆ

ದಾಖಲೆ ಪುಸ್ತಕ ಬರೆಯುವ ಸದಸ್ಯ, ಬಟವಾಡಿ

ಬಳಗದ ಎಲ್ಲರಿಗೂ ನಮಸ್ಕಾರ. ಸೆಪ್ಟೆಂಬರಿನಿಂದ ಫೆಬ್ರವರಿಯವರೆಗಿನ ಓಟಗಳ ವಿವರವನ್ನು ಪುಸ್ತಕಕ್ಕೆ ಏರಿಸಲು ಮೊನ್ನೆ ಕುಳಿತಾಗ ಮೂರು ಕಡೆ ನನ್ನ ಪೆನ್ನು ನಿಂತಿತು. ಆ ಮೂರನ್ನೂ ನಾನೊಬ್ಬನೇ ತೀರ್ಮಾನಿಸುವುದು ಸರಿಯಲ್ಲವೆಂದು ತಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ತಕರಾರಿಲ್ಲದ ಸಂಗತಿಗಳನ್ನು ಮೊದಲು ಹೇಳಿಬಿಡುತ್ತೇನೆ. ಶ್ರೀರಂಗಪಟ್ಟಣದ ಕಾವೇರಿ ಟ್ರೇಲ್ ಓಟದಲ್ಲಿ ನಮ್ಮವರು ಏಳು ಮಂದಿ ಹಾಫ್ ಮ್ಯಾರಥಾನ್ ಓಡಿದರು, ಅವರಲ್ಲಿ ಐವರು ಮಹಿಳೆಯರು. ಕ್ಯಾತ್ಸಂದ್ರದಲ್ಲಿ ಹೊಲಿಗೆ ಕೆಲಸ ಮಾಡುವ ನಮ್ಮ ಸದಸ್ಯೆಗೆ ಅದು ಮೊದಲ ಹಾಫ್. ಎರಡು ವರ್ಷದ ಹಿಂದೆ ಅಮಾನಿಕೆರೆಯ ಏರಿಯ ಮೇಲೆ ಹತ್ತು ನಿಮಿಷ ಓಡಿ ಕುಳಿತುಕೊಳ್ಳುತ್ತಿದ್ದವರು ಕಾಲುವೆ ಬದಿಯ ಮಣ್ಣಿನ ದಾರಿಯಲ್ಲಿ 21.1 ಕಿ.ಮೀ. ದೂರವನ್ನು 2 ಗಂಟೆ 31 ನಿಮಿಷದಲ್ಲಿ ಮುಗಿಸಿದ್ದಾರೆ. ಬೆಂಗಳೂರು ಮ್ಯಾರಥಾನ್‌ನ ಹಾಫ್ ವಿಭಾಗದಲ್ಲಿ ಹನ್ನೊಂದು ಮಂದಿ ಓಡಿ, ಹನ್ನೊಂದು ಮಂದಿಯೂ ಮುಗಿಸಿದರು. ಜನವರಿಯಲ್ಲಿ ಟಾಟಾ ಮುಂಬೈ ಮ್ಯಾರಥಾನ್‌ನ ಪೂರ್ಣ ದೂರಕ್ಕೆ, ಅಂದರೆ 42.195 ಕಿ.ಮೀ.ಗೆ, ಮೂವರು ಹೋಗಿದ್ದರು. ಬ್ಯಾಂಕಿನಲ್ಲಿ ಕೆಲಸ ಮಾಡುವ ನಮ್ಮ ಸ್ನೇಹಿತರು 3 ಗಂಟೆ 57 ನಿಮಿಷ 52 ಸೆಕೆಂಡಿನಲ್ಲಿ ಮುಗಿಸಿ, ನಾಲ್ಕು ಗಂಟೆಯೊಳಗೆ ಮ್ಯಾರಥಾನ್ ಓಡಿದ ಬಳಗದ ಮೊದಲ ಸದಸ್ಯರಾದರು. ನಮ್ಮ ನಿವೃತ್ತ ಮೇಷ್ಟ್ರು ತಮ್ಮ 63ನೇ ವಯಸ್ಸಿನಲ್ಲಿ 5 ಗಂಟೆ 21 ನಿಮಿಷದಲ್ಲಿ ಮುಗಿಸಿದರು.

ಇನ್ನು ನನ್ನ ಪ್ರಶ್ನೆಗಳು. ಶಿರಾ ಗೇಟ್ ಬಳಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಸದಸ್ಯರು ಮುಂಬೈಯಲ್ಲಿ 31 ಕಿ.ಮೀ. ಓಡಿ ನಿಲ್ಲಿಸಬೇಕಾಯಿತು. ಮುಗಿಯದ ಓಟಕ್ಕೆ ಪುಸ್ತಕದಲ್ಲಿ ಜಾಗವಿದೆಯೇ? ಎರಡನೆಯದಾಗಿ, ನಮ್ಮ ಕಾಲೇಜು ವಿದ್ಯಾರ್ಥಿ ದೇವರಾಯನದುರ್ಗದಿಂದ ಇಳಿಯುತ್ತಾ 10 ಕಿ.ಮೀ. ದೂರವನ್ನು 38 ನಿಮಿಷ 20 ಸೆಕೆಂಡಿನಲ್ಲಿ ಓಡಿ, ಅದನ್ನು ತನ್ನ ಅತ್ಯುತ್ತಮ ಸಮಯವೆಂದು ಬರೆಯಲು ಕೇಳಿದ್ದಾನೆ. ಅದನ್ನು ಬರೆಯಬಹುದೇ? ಮೂರನೆಯದು ಬರೆಯಲು ನನಗೆ ಕಷ್ಟವಾಗುತ್ತಿದೆ. ಫೆಬ್ರವರಿಯಲ್ಲಿ ಪಕ್ಕದ ತಾಲ್ಲೂಕೊಂದರಲ್ಲಿ ನಡೆದ 10 ಕಿ.ಮೀ. ಓಟದಲ್ಲಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನಮ್ಮ ಅಕ್ಕ ತಮ್ಮ ವಯೋಮಾನದ ವಿಭಾಗದಲ್ಲಿ ಎರಡನೆಯವರಾಗಿ ವೇದಿಕೆ ಏರಿದರು. ಅವರ ಸಮಯ 52 ನಿಮಿಷ 10 ಸೆಕೆಂಡು. ಆದರೆ ಅಲ್ಲಿ ಓಡಿದ ನಮ್ಮ ಆರು ಜನರ ವಾಚುಗಳಲ್ಲಿಯೂ ದೂರ 9.6 ಕಿ.ಮೀ. ಆಸುಪಾಸಿನಲ್ಲಿಯೇ ನಿಂತಿತ್ತು.

ದೈಹಿಕ ಶಿಕ್ಷಣ ಶಿಕ್ಷಕ, ಕುಣಿಗಲ್ ರಸ್ತೆ

ಈ ಪ್ರಶ್ನೆಗಳನ್ನು ಎತ್ತಿದ್ದು ಒಳ್ಳೆಯದಾಯಿತು. ಮೂರನೆಯದರಿಂದ ಆರಂಭಿಸುತ್ತೇನೆ, ಏಕೆಂದರೆ ದೂರ ಸರಿಯಿಲ್ಲದಿದ್ದರೆ ಸಮಯಕ್ಕೆ ಅರ್ಥವೇ ಉಳಿಯುವುದಿಲ್ಲ.

ರಸ್ತೆ ಓಟದ ದೂರವನ್ನು ವಾಚಿನಿಂದಲೂ, ಕಾರಿನ ಮೀಟರಿನಿಂದಲೂ ಅಳೆಯುವುದಿಲ್ಲ. ಮೊದಲು ಉಕ್ಕಿನ ಟೇಪಿನಿಂದ ಅಳೆದ ನೇರ ದೂರವೊಂದರ ಮೇಲೆ ಸೈಕಲ್ ಓಡಿಸಿ, ಅದರ ಮುಂದಿನ ಚಕ್ರಕ್ಕೆ ಜೋಡಿಸಿದ ಜೋನ್ಸ್ ಕೌಂಟರ್ ಎಂಬ ಎಣಿಕೆ ಯಂತ್ರವನ್ನು ತಾಳೆ ನೋಡುತ್ತಾರೆ. ಬಳಿಕ ಓಟಗಾರನೊಬ್ಬ ಹಿಡಿಯಬಹುದಾದ ಅತಿ ಹತ್ತಿರದ ದಾರಿಯಲ್ಲಿ, ತಿರುವುಗಳಲ್ಲಿ ರಸ್ತೆಯ ಅಂಚಿನಿಂದ 30 ಸೆಂ.ಮೀ. ಬಿಟ್ಟು, ಅದೇ ಸೈಕಲ್ಲನ್ನು ಓಡಿಸಿ ಅಳೆಯುತ್ತಾರೆ. ಅಷ್ಟಾದ ಮೇಲೂ ಅಳತೆಯಲ್ಲಿ ಕೊರತೆ ಆಗಬಾರದೆಂದು ಪ್ರತಿ ಕಿಲೋಮೀಟರಿಗೆ ಒಂದು ಮೀಟರ್ ಹೆಚ್ಚು ಸೇರಿಸುತ್ತಾರೆ. ಅಂದರೆ ಪ್ರಮಾಣಿತ 10 ಕಿ.ಮೀ. ಹಾದಿಯಲ್ಲಿ 10 ಮೀಟರ್, ಮ್ಯಾರಥಾನ್‌ನಲ್ಲಿ ಸುಮಾರು 42 ಮೀಟರ್ ಹೆಚ್ಚೇ ಇರುತ್ತದೆ. ಇದರ ಮೇಲೆ ನಾವು ಜನರನ್ನು ದಾಟಲು ಅತ್ತ ಇತ್ತ ಸರಿಯುತ್ತೇವೆ, ತಿರುವುಗಳನ್ನು ಅಗಲವಾಗಿ ತೆಗೆದುಕೊಳ್ಳುತ್ತೇವೆ. ಹೀಗಾಗಿ ಸರಿಯಾಗಿ ಅಳೆದ ಹಾದಿಯಲ್ಲಿ ವಾಚು ಸಾಮಾನ್ಯವಾಗಿ 10.1 ಅಥವಾ 10.2 ತೋರಿಸುತ್ತದೆ. ಒಬ್ಬರ ವಾಚು 9.6 ತೋರಿಸಿದ್ದರೆ ವಾಚಿಗೆ ಬರುವ ಉಪಗ್ರಹದ ಸಂಕೇತ ತಡೆಯುವ ಮರಗಳನ್ನೋ ಎತ್ತರದ ಕಟ್ಟಡಗಳನ್ನೋ ದೂರಬಹುದಿತ್ತು. ಆರೂ ವಾಚುಗಳು ಒಂದೇ ಮಾತು ಹೇಳುತ್ತಿರುವಾಗ ಹಾದಿ ಕಡಿಮೆಯಿತ್ತೆಂದೇ ಒಪ್ಪಬೇಕು.

ಇದು ನಮ್ಮ ಕಡೆಯ ಸಣ್ಣ ಓಟಗಳಿಗೆ ಮಾತ್ರ ಅಂಟಿದ ದೋಷವಲ್ಲ. ಇಂಗ್ಲೆಂಡಿನ ಗ್ರೇಟರ್ ಮ್ಯಾಂಚೆಸ್ಟರ್ ಮ್ಯಾರಥಾನ್‌ನ 2013, 2014 ಮತ್ತು 2015ರ ಹಾದಿ 380 ಮೀಟರ್ ಕಡಿಮೆಯಿತ್ತೆಂದು 2016ರಲ್ಲಿ ಹೊರಬಂದು, ಸುಮಾರು 24,000 ಓಟಗಾರರ ಸಮಯಗಳು ಅಮಾನ್ಯವಾದವು. ಅಲ್ಲಿ ಓಡಿದವರು ಯಾರೂ ತಪ್ಪು ಮಾಡಿರಲಿಲ್ಲ, ಆದರೂ ಆ ಸಮಯಗಳನ್ನು ಉಳಿಸಿಕೊಳ್ಳಲಾಗಲಿಲ್ಲ.

ಅಕ್ಕನವರ ವೇದಿಕೆಯ ಸ್ಥಾನವನ್ನು ಮಾತ್ರ ಯಾರೂ ಪ್ರಶ್ನಿಸುವಂತಿಲ್ಲ. ಎಲ್ಲರೂ ಅದೇ ಹಾದಿಯಲ್ಲಿ ಓಡಿದ್ದಾರೆ, ಎರಡನೆಯ ಸ್ಥಾನ ಎರಡನೆಯದೇ. ಸಮಯವನ್ನು ಮಾತ್ರ ಹಾಗೆಯೇ ಬರೆಯಲಾಗದು ಎಂಬುದು ನನ್ನ ಅಭಿಪ್ರಾಯ.

ಬ್ಯಾಂಕ್ ಉದ್ಯೋಗಿ, ಎಸ್.ಎಸ್. ಪುರಂ

ಒಂದು ಲೆಕ್ಕ ಹೇಳುತ್ತೇನೆ. 9.6 ಕಿ.ಮೀ. ದೂರಕ್ಕೆ 52 ನಿಮಿಷ 10 ಸೆಕೆಂಡು ಎಂದರೆ ಕಿಲೋಮೀಟರಿಗೆ 5 ನಿಮಿಷ 26 ಸೆಕೆಂಡು. ಅದೇ ಪೇಸ್‌ನಲ್ಲಿ ಪೂರ್ತಿ 10 ಕಿ.ಮೀ. ಓಡಿದ್ದರೆ 54 ನಿಮಿಷ 20 ಸೆಕೆಂಡು ಆಗುತ್ತಿತ್ತು. ಕಳೆದ ಏಪ್ರಿಲ್‌ನಲ್ಲಿ ಬೆಂಗಳೂರಿನ ವಿಶ್ವ 10ಕೆ ಓಟದಲ್ಲಿ ಅಕ್ಕನವರ ಸಮಯ 57 ನಿಮಿಷ ದಾಟಿತ್ತು. ಹೇಗೆ ನೋಡಿದರೂ ಅವರು ವೇಗವಾಗಿದ್ದಾರೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಮರೆಯಬಾರದು.

ಸಮಯದ ವಿಷಯ ಬಂದಿರುವುದರಿಂದ ಇನ್ನೊಂದು ಮಾತು. ನಮ್ಮ ಪುಸ್ತಕದ ಹಳೆಯ ಪುಟಗಳಲ್ಲಿ ಕೆಲವರ ಚಿಪ್ ಸಮಯವಿದೆ, ಕೆಲವರದು ಗನ್ ಸಮಯ, ಅಂದರೆ ಓಟ ಶುರುವಾದ ಸದ್ದಿನಿಂದ ಎಣಿಸಿದ್ದು. ಸಾವಿರಾರು ಜನ ಸೇರುವ ಓಟದಲ್ಲಿ ಹಿಂದೆ ನಿಂತವರು ಆರಂಭದ ಗೆರೆ ಮುಟ್ಟುವ ಹೊತ್ತಿಗೆ ಎಷ್ಟೋ ನಿಮಿಷಗಳು ಕಳೆದಿರುತ್ತವೆ. ಎದೆಯ ಮೇಲಿನ ನಂಬರು ಚೀಟಿಯಾದ ಬಿಬ್‌ಗೆ ಅಂಟಿಸಿದ ಚಿಪ್ ನಾವು ಗೆರೆ ದಾಟಿದ ಕ್ಷಣದಿಂದ ಎಣಿಸುತ್ತದೆ. ಬಹುಮಾನಕ್ಕೆ ಯಾವ ಸಮಯ ಹಿಡಿಯಬೇಕೆಂಬುದು ಸಂಘಟಕರ ನಿಯಮಕ್ಕೆ ಬಿಟ್ಟದ್ದು, ನಮ್ಮ ಪುಸ್ತಕಕ್ಕೆ ಎಲ್ಲರದೂ ಚಿಪ್ ಸಮಯವೇ ಆಗಲಿ.

ನನ್ನ ಮುಂಬೈ ಓಟದ ಬಗ್ಗೆ ಹಲವರು ಕೇಳಿದ್ದೀರಿ. ಮೊದಲರ್ಧ 1 ಗಂಟೆ 58 ನಿಮಿಷ 40 ಸೆಕೆಂಡು, ಎರಡನೆಯ ಅರ್ಧ 1 ಗಂಟೆ 59 ನಿಮಿಷ 12 ಸೆಕೆಂಡು. ಎರಡು ಅರ್ಧಗಳ ನಡುವೆ ಇಷ್ಟು ಕಡಿಮೆ ಅಂತರ ನನಗೆ ಹಿಂದೆಂದೂ ಆಗಿರಲಿಲ್ಲ. ಹಿಂದಿನ ಎರಡು ಮ್ಯಾರಥಾನ್‌ಗಳಲ್ಲಿ ಆರಂಭದ ಉತ್ಸಾಹಕ್ಕೆ ಬಿದ್ದು 30 ಕಿ.ಮೀ. ಆದ ಮೇಲೆ ನಡೆದಿದ್ದೆ. ಈ ಸಲ ಅಮಾನಿಕೆರೆಯಿಂದ ಸಿದ್ಧಗಂಗೆಯ ಕಡೆಗೆ ಮಾಡಿದ ಭಾನುವಾರದ ಲಾಂಗ್ ರನ್‌ಗಳಲ್ಲಿ ಐದನ್ನು 28 ಕಿ.ಮೀ.ಗಿಂತ ಹೆಚ್ಚು ಓಡಿದೆ, ಎಲ್ಲವನ್ನೂ ಮಾತನಾಡುತ್ತಾ ಓಡಬಹುದಾದಷ್ಟು ನಿಧಾನವಾಗಿ. ಪೆಡ್ಡರ್ ರಸ್ತೆಯ ಏರು ಹಿಂದಿರುಗುವಾಗ 35ನೇ ಕಿ.ಮೀ. ಆಸುಪಾಸಿನಲ್ಲಿ ಎದುರಾಗುತ್ತದೆ. ಅಲ್ಲಿ ವಾಚು ನೋಡುವುದನ್ನೇ ಬಿಟ್ಟು, ದೇವರಾಯನದುರ್ಗದ ತಿರುವುಗಳನ್ನು ಏರುವಾಗ ಮಾಡುವಂತೆ ಹೆಜ್ಜೆ ಚಿಕ್ಕದು ಮಾಡಿ ಏರಿದೆ. ನಮ್ಮ ಬೆಟ್ಟ ನನಗೆ ಅಂದು ನೆರವಾಯಿತು.

ಕಾಲೇಜು ವಿದ್ಯಾರ್ಥಿ, ಬಿ.ಎಚ್. ರಸ್ತೆ

ಸರ್, ನನ್ನ ಇಳಿಜಾರಿನ ಓಟದ ಬಗ್ಗೆ ಬರೆಯುತ್ತೇನೆ. ಸಮತಟ್ಟಿನಲ್ಲಿ ನನ್ನ ಉತ್ತಮ ಸಮಯ 41 ನಿಮಿಷ. ಬೆಟ್ಟದಿಂದ ಇಳಿಯುವಾಗಲೂ ಓಡಿದ್ದು ನನ್ನ ಕಾಲುಗಳೇ, ದೂರವೂ ಪೂರ್ತಿ 10 ಕಿ.ಮೀ. ಇತ್ತು. ಮರುದಿನ ಮೆಟ್ಟಿಲು ಇಳಿಯಲು ಆಗದಷ್ಟು ತೊಡೆ ನೋಯುತ್ತಿತ್ತು. ಅಷ್ಟು ಶ್ರಮಕ್ಕೆ ಪುಸ್ತಕದಲ್ಲಿ ಒಂದು ಸಾಲು ಸಿಗಬಾರದೇ?

ದೈಹಿಕ ಶಿಕ್ಷಣ ಶಿಕ್ಷಕ, ಕುಣಿಗಲ್ ರಸ್ತೆ

ನೀನು ಕೇಳಿದ್ದು ನ್ಯಾಯವಾದ ಪ್ರಶ್ನೆ. ಇದೇ ಪ್ರಶ್ನೆ ಜಗತ್ತಿನ ಮಟ್ಟದಲ್ಲಿಯೂ ಎದ್ದಿದೆ. 2011ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ 2 ಗಂಟೆ 3 ನಿಮಿಷ 2 ಸೆಕೆಂಡಿನಲ್ಲಿ ಓಡಿದರು. ಅಲ್ಲಿಯವರೆಗೆ ಯಾರೂ ಅಷ್ಟು ವೇಗವಾಗಿ ಮ್ಯಾರಥಾನ್ ಓಡಿರಲಿಲ್ಲ. ಆದರೂ ಅದು ವಿಶ್ವದಾಖಲೆ ಆಗಲಿಲ್ಲ. ದಾಖಲೆಗೆ ಅರ್ಹವಾಗಬೇಕಾದರೆ ಹಾದಿಯ ಒಟ್ಟು ಇಳಿತ ಪ್ರತಿ ಕಿಲೋಮೀಟರಿಗೆ ಒಂದು ಮೀಟರನ್ನು ಮೀರಬಾರದು, ಆರಂಭ ಮತ್ತು ಮುಕ್ತಾಯದ ನಡುವಿನ ನೇರ ದೂರ ಓಟದ ಅರ್ಧಕ್ಕಿಂತ ಹೆಚ್ಚಿರಬಾರದು. ಬಾಸ್ಟನ್ ಹಾದಿ ಈ ಎರಡನ್ನೂ ಮೀರುತ್ತದೆ. ಆ ಲೆಕ್ಕದಲ್ಲಿ ನಿನ್ನ 10 ಕಿ.ಮೀ. ಓಟಕ್ಕೆ ಸಿಗುವ ಇಳಿತ 10 ಮೀಟರ್ ಮಾತ್ರ. ಬೆಟ್ಟದಿಂದ ಊರಿಗೆ ನಾವು ಇಳಿಯುವುದು ನೂರಾರು ಮೀಟರ್.

ಹಾಗೆಯೇ ಎಲಿಯುಡ್ ಕಿಪ್ಚೋಗೆ 2019ರಲ್ಲಿ ವಿಯೆನ್ನಾದಲ್ಲಿ 1 ಗಂಟೆ 59 ನಿಮಿಷ 40 ಸೆಕೆಂಡಿನಲ್ಲಿ ಓಡಿದ್ದು ಕೂಡ ವಿಶ್ವದಾಖಲೆಯಾಗಿ ಸೇರಲಿಲ್ಲ. ಅದು ಎಲ್ಲರಿಗೂ ತೆರೆದ ಸ್ಪರ್ಧೆಯಾಗಿರಲಿಲ್ಲ, ಪೇಸರ್‌ಗಳ ಗುಂಪುಗಳು ಸರದಿಯಲ್ಲಿ ಬಂದು ವೇಗ ಕಾಯ್ದುಕೊಡಲು ಅವರ ಮುಂದೆ ಓಡುತ್ತಿದ್ದವು. ಆ ಓಟದ ಹಿರಿಮೆ ಅದರಿಂದ ಒಂದಿಷ್ಟೂ ಕುಂದಿಲ್ಲ. ಅದು ಬೇರೆಯ ಪಟ್ಟಿಯಲ್ಲಿದೆ, ಅಷ್ಟೇ.

ನಿನಗೆ ನನ್ನ ಇನ್ನೊಂದು ಕಳಕಳಿಯಿದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯುಗಳು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಯಬೇಕಾಗುವುದರಿಂದ ಅವುಗಳ ಎಳೆಗಳಿಗೆ ಹೆಚ್ಚು ಪೆಟ್ಟು ಬೀಳುತ್ತದೆ. ನಿನಗಾದ ನೋವಿನ ಕಾರಣ ಅದೇ. ತಿಂಗಳಿಗೊಮ್ಮೆ ಸಾಕು. ನಾಮದ ಚಿಲುಮೆಯ ಕಾಡು ದಾರಿಯಲ್ಲಿ ಬೆಳಕು ಹರಿಯುವ ಮೊದಲು ಒಬ್ಬನೇ ಓಡಬೇಡ, ಅದು ಚಿರತೆ ಓಡಾಡುವ ಕಾಡು.

ನಿವೃತ್ತ ಶಾಲಾ ಶಿಕ್ಷಕ, ಅಶೋಕನಗರ

ನನ್ನ ಹೆಸರಿನ ಮುಂದೆ 5 ಗಂಟೆ 21 ನಿಮಿಷ ಎಂದು ಬರೆದಿದ್ದೀರಿ, ಸಂತೋಷ. ಆದರೆ ಆ ಅಂಕಿಯೊಂದನ್ನೇ ನೋಡಿದವರಿಗೆ ಅಂದು ಏನಾಯಿತೆಂದು ತಿಳಿಯುವುದಿಲ್ಲ. ಮೊದಲರ್ಧವನ್ನು 2 ಗಂಟೆ 29 ನಿಮಿಷದಲ್ಲಿ ಓಡಿದ್ದೆ. ಸಮುದ್ರದ ಬದಿಯ ಊರು, ಗಾಳಿಯಲ್ಲಿ ತೇವ ಹೆಚ್ಚು, ಬೆವರು ಆರುವುದೇ ಇಲ್ಲ. ಬೆವರು ಆರದಿದ್ದರೆ ಮೈ ತಣಿಯುವುದಿಲ್ಲ. ಜನವರಿಯ ನಮ್ಮ ತುಮಕೂರಿನ ಒಣ ಚಳಿಯಲ್ಲಿ ಪಳಗಿದ ದೇಹ ಅಲ್ಲಿ ಬಿಸಿಲೇರಿದ ಮೇಲೆ ಕುಸಿಯಿತು. ಕೊನೆಯ ಹತ್ತು ಕಿಲೋಮೀಟರ್ ಒಂದು ದೀಪದ ಕಂಬದವರೆಗೆ ಓಟ, ಮುಂದಿನ ಕಂಬದವರೆಗೆ ನಡಿಗೆ. ರಸ್ತೆಯ ಬದಿಯಲ್ಲಿ ನಿಂತ ಮುಂಬೈಯ ಜನ ಕಿತ್ತಳೆ ತೊಳೆ, ಬಿಸ್ಕತ್ತು, ಉಪ್ಪು ಹಿಡಿದುಕೊಂಡು ಗುರುತಿಲ್ಲದ ನನ್ನನ್ನು ಕಾಕಾ ಎಂದು ಕೂಗಿ ಹುರಿದುಂಬಿಸಿದರು. ಅದು ನನ್ನ ಮನಸ್ಸಿನಲ್ಲಿ ಉಳಿದಿದೆ.

ನಲವತ್ತು ವರ್ಷ ಶಾಲೆಯ ಹಾಜರಿ ಪುಸ್ತಕ ಬರೆದವನು ನಾನು. ಸರ್ಕಾರಿ ರಿಜಿಸ್ಟರುಗಳ ಕೊನೆಯಲ್ಲಿ ಯಾವಾಗಲೂ ಒಂದು ಕಾಲಂ ಇರುತ್ತದೆ, ಷರಾ. ನಮ್ಮ ಪುಸ್ತಕಕ್ಕೆ ಅದು ಇಲ್ಲ. ದಿನಾಂಕ, ಓಟ, ದೂರ, ಸಮಯ, ಅಷ್ಟಕ್ಕೆ ಗೆರೆ ಮುಗಿದಿದೆ. ಷರಾ ಕಾಲಂ ಎಳೆದರೆ ಈ ಮೂರು ಪ್ರಶ್ನೆಗಳಿಗೂ ಜಾಗ ಸಿಗುತ್ತದೆ. ಫೌಜಾ ಸಿಂಗ್ ಅವರ ಸಂಗತಿ ನಿಮಗೆ ನೆನಪಿರಬಹುದು. 2011ರಲ್ಲಿ ಟೊರೊಂಟೊದಲ್ಲಿ, ತಮ್ಮ ನೂರನೇ ವಯಸ್ಸಿನಲ್ಲಿ, ಎಂಟು ಗಂಟೆಗೂ ಹೆಚ್ಚು ಕಾಲ ಓಡಿ ಮ್ಯಾರಥಾನ್ ಮುಗಿಸಿದರು. ಹುಟ್ಟಿದ ದಿನದ ಪ್ರಮಾಣಪತ್ರ ಇಲ್ಲವೆಂದು ಗಿನ್ನೆಸ್‌ನವರು ಅದನ್ನು ದಾಖಲೆಯಾಗಿ ಒಪ್ಪಲಿಲ್ಲ. ಆ ಕಾಲದ ಪಂಜಾಬಿನ ಹಳ್ಳಿಯಲ್ಲಿ ಪ್ರಮಾಣಪತ್ರ ಎಲ್ಲಿಂದ ಬರಬೇಕು? ಗಿನ್ನೆಸ್‌ನವರಿಗೆ ಅವರ ನಿಯಮವಿದೆ, ಅದನ್ನು ನಾನು ದೂರುವುದಿಲ್ಲ. ನಮ್ಮ ಪುಸ್ತಕ ಚಿಕ್ಕದು, ಇಲ್ಲಿ ನಿಯಮವೂ ಇರಲಿ, ನಡೆದದ್ದನ್ನು ಹೇಳಲು ಒಂದು ಕಾಲಮ್ಮೂ ಇರಲಿ.

ಹಾರ್ಡ್‌ವೇರ್ ಅಂಗಡಿಯ ಮಾಲೀಕ, ಶಿರಾ ಗೇಟ್

ಮೇಷ್ಟ್ರ ಮಾತಿಗೆ ನನ್ನ ಪೂರ್ಣ ಸಮ್ಮತಿ ಇದೆ. ನನ್ನ 31 ಕಿ.ಮೀ. ಪುಸ್ತಕದಲ್ಲಿ ಇರಲೇಬೇಕೆಂದು ನಾನೇ ಕೇಳುತ್ತೇನೆ, ಅದರಲ್ಲಿ ನನಗೆ ಸಂಕೋಚವಿಲ್ಲ. ಎಂಟು ತಿಂಗಳು ಬೆಳಿಗ್ಗೆ ನಾಲ್ಕೂವರೆಗೆ ಎದ್ದು ತಯಾರಾಗಿದ್ದೆ. ಅಂದು ನಾನು ಮಾಡಿದ ತಪ್ಪೆಂದರೆ ಬಾಯಾರಿಕೆ ಇಲ್ಲದಿದ್ದರೂ ನೀರಿನ ಮೇಜು ಕಂಡಲ್ಲೆಲ್ಲ ನಿಂತು ಕುಡಿದದ್ದು. ಉಪ್ಪು ಹಾಕಿದ ಪಾನೀಯವನ್ನು ಮುಟ್ಟಲಿಲ್ಲ. 25 ಕಿ.ಮೀ. ದಾಟಿದ ಮೇಲೆ ಬೆರಳುಗಳು ಊದಿ ಉಂಗುರ ಬಿಗಿಯಾಯಿತು, ತಲೆ ನೋಯತೊಡಗಿತು, ವಾಕರಿಕೆ ಬಂತು. ನೀರು ಸಾಲದೆಂದುಕೊಂಡು ಮತ್ತೂ ಕುಡಿದೆ. ವೈದ್ಯಕೀಯ ತಂಡದವರು ನೋಡಿ ಕೂರಿಸಿದಾಗ ನನಗೆ ಅಳು ಬಂದಿತ್ತು. ಈಗ ಅವರಿಗೆ ಕೈ ಮುಗಿಯುತ್ತೇನೆ. ನನ್ನ ಸಾಲನ್ನು ಓದಿದ ಇನ್ನೊಬ್ಬರಿಗೆ ಈ ತಪ್ಪು ಆಗದಿದ್ದರೆ ಸಾಕು.

ನರ್ಸ್, ಗಾಂಧಿನಗರ

ಎರಡು ದಿನ ರಾತ್ರಿ ಪಾಳಿ ಇದ್ದುದರಿಂದ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ.

ಮೊದಲು ಅಂಗಡಿ ಅಣ್ಣನವರ ವಿಷಯ. ಅವರು ಹೇಳಿದ ಲಕ್ಷಣಗಳೆಲ್ಲ ರಕ್ತದಲ್ಲಿ ಸೋಡಿಯಂ ಇಳಿದಾಗ ಕಾಣುವಂಥವು, ವೈದ್ಯರು ಅದನ್ನು ಹೈಪೊನೆಟ್ರೀಮಿಯ ಎನ್ನುತ್ತಾರೆ. ಬೆವರಿನಲ್ಲಿ ಉಪ್ಪು ಹೋಗುತ್ತಿರುವಾಗ ಅಗತ್ಯಕ್ಕಿಂತ ಹೆಚ್ಚು ನೀರು ಕುಡಿದರೆ ರಕ್ತ ತೆಳುವಾಗುತ್ತದೆ. ಸೋಡಿಯಂ ಲೀಟರಿಗೆ 135 ಮಿಲಿಮೋಲ್‌ಗಿಂತ ತೀರಾ ಕೆಳಗಿಳಿದರೆ ಮಿದುಳು ಊದಿ ಪ್ರಾಣಕ್ಕೇ ಅಪಾಯವಾಗಬಹುದು. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಕಡಿಮೆಯಿತ್ತು. ಓಟದ ಅವಧಿಯಲ್ಲಿ ಅತಿಯಾಗಿ ಕುಡಿದು ತೂಕ ಹೆಚ್ಚಿಸಿಕೊಂಡವರಲ್ಲಿ ಇದು ಹೆಚ್ಚಾಗಿ ಕಂಡಿತು. ಆದ್ದರಿಂದ ನಮ್ಮವರು ಬಾಯಾರಿದಾಗ ಕುಡಿಯಲಿ, ಬರೀ ನೀರು ಸುರಿದುಕೊಳ್ಳುವುದು ಬೇಡ. ಲಾಂಗ್ ರನ್‌ಗೆ ಮೊದಲು ಮತ್ತು ಅನಂತರ ತೂಕ ನೋಡಿಕೊಂಡರೆ ತಮಗೆ ಎಷ್ಟು ಬೇಕೆಂದು ತಿಳಿಯುತ್ತದೆ. ಓಡಿದ ಮೇಲೆ ತೂಕ ಏರಿದ್ದರೆ ಕುಡಿದದ್ದು ಹೆಚ್ಚಾಯಿತೆಂದೇ ಅರ್ಥ.

ಇನ್ನು ನನ್ನ ಸಮಯ. 52 ನಿಮಿಷ 10 ಸೆಕೆಂಡು ಎಂಬುದನ್ನು ದಯವಿಟ್ಟು 10 ಕಿ.ಮೀ. ಕಾಲಮ್ಮಿನಲ್ಲಿ ಬರೆಯಬೇಡಿ. ಮುಕ್ತಾಯದ ಗೆರೆಯ ಗಡಿಯಾರ ನೋಡಿದಾಗಲೇ ನನಗೆ ಅನುಮಾನ ಬಂದಿತ್ತು, ಏಕೆಂದರೆ ಕೊನೆಯ ಕಿಲೋಮೀಟರಿನ ಸುಸ್ತು ನನಗೆ ಗೊತ್ತು, ಅದು ಬರುವ ಮೊದಲೇ ಓಟ ಮುಗಿದಿತ್ತು. ಮನೆಯಲ್ಲಿ ಮಕ್ಕಳು ಪದಕ ಹಾಕಿಕೊಂಡು ಕುಣಿಯುತ್ತಿದ್ದಾಗ ಹೇಳಲು ಬಾಯಿ ಬರಲಿಲ್ಲ. ಸಂಘಟಕರಿಗೆ ವಾಚುಗಳ ವಿವರ ಕಳಿಸಿ ಕೇಳಿದೆವು, ಈವರೆಗೆ ಉತ್ತರ ಬಂದಿಲ್ಲ. ಲೆಕ್ಕ ಹಾಕಿ 54 ನಿಮಿಷ 20 ಸೆಕೆಂಡು ಎಂದು ಬರೆಯುವುದೂ ನನಗೆ ಬೇಡ. ಅಷ್ಟು ದೂರ ನಾನು ಓಡಿಲ್ಲ. ಮಹಾತ್ಮ ಗಾಂಧಿ ಕ್ರೀಡಾಂಗಣದ ಟ್ರ್ಯಾಕಿನಲ್ಲಿ ಪೂರ್ತಿ 25 ಸುತ್ತು ಓಡಲು ನಾನು ಸಿದ್ಧ. ಯಾರಾದರೂ ಸುತ್ತು ಎಣಿಸಲು ಬರುತ್ತೀರಾ?

ದೈಹಿಕ ಶಿಕ್ಷಣ ಶಿಕ್ಷಕ, ಕುಣಿಗಲ್ ರಸ್ತೆ

ನಾನು ಬರುತ್ತೇನೆ. ಮೊದಲನೆಯ ಲೇನಿನಲ್ಲಿಯೇ ಓಡಬೇಕು. ಎರಡನೆಯ ಲೇನಿನಲ್ಲಿ ಒಂದು ಸುತ್ತು ಸುಮಾರು 407 ಮೀಟರ್ ಆಗುವುದರಿಂದ 25 ಸುತ್ತಿಗೆ 175 ಮೀಟರ್ ಹೆಚ್ಚಾಗುತ್ತದೆ. ವಾಯುವಿಹಾರಕ್ಕೆ ಬರುವ ಹಿರಿಯರಲ್ಲಿ ಒಂದು ಗಂಟೆ ಒಳಗಿನ ಲೇನು ಬಿಟ್ಟುಕೊಡಲು ವಿನಂತಿಸೋಣ.

ಕಾಲೇಜು ವಿದ್ಯಾರ್ಥಿ, ಬಿ.ಎಚ್. ರಸ್ತೆ

ಅಕ್ಕ, ಸುತ್ತು ಎಣಿಸಲು ನಾನೂ ಬರುತ್ತೇನೆ. ನನ್ನ 38 ನಿಮಿಷ 20 ಸೆಕೆಂಡನ್ನು 10 ಕಿ.ಮೀ. ಕಾಲಮ್ಮಿನಿಂದ ತೆಗೆದು ಬೆಟ್ಟದ ಓಟ ಎಂದು ಬೇರೆ ಬರೆಯಿರಿ ಸರ್. ಇಳಿದ ದಾರಿಯನ್ನೇ ಏರಿ ಬಂದು ಆ ಸಮಯವನ್ನೂ ಪಕ್ಕದಲ್ಲಿ ಬರೆಸಬೇಕೆಂದಿದ್ದೇನೆ.

ದೈಹಿಕ ಶಿಕ್ಷಣ ಶಿಕ್ಷಕ, ಕುಣಿಗಲ್ ರಸ್ತೆ

ಶನಿವಾರದ ವರದಿ. ಬೆಳಿಗ್ಗೆ ಆರಕ್ಕೆ ಬಳಗದ ಹದಿನಾಲ್ಕು ಮಂದಿ ಸೇರಿದ್ದೆವು. ವಿದ್ಯಾರ್ಥಿಯೂ ಮೇಷ್ಟ್ರೂ ಬೇರೆ ಬೇರೆ ಕಾಗದದಲ್ಲಿ ಸುತ್ತು ಎಣಿಸಿದರು, ನಾನು ಸಮಯ ನೋಡಿದೆ. ನಡೆಯಲು ಬಂದ ಹಿರಿಯರು ಕಾರಣ ಕೇಳಿ ತಿಳಿದು, ತಾವಾಗಿಯೇ ಹೊರಗಿನ ಲೇನಿಗೆ ಸರಿದು ಕೊನೆಯವರೆಗೂ ನಿಂತು ನೋಡಿದರು. ಮೊದಲ 5 ಕಿ.ಮೀ. 26 ನಿಮಿಷ 58 ಸೆಕೆಂಡು. ಹದಿನೆಂಟನೆಯ ಸುತ್ತಿನಲ್ಲಿ ಬಿಸಿಲು ನೇರವಾಗಿ ಮುಖಕ್ಕೆ ಬೀಳತೊಡಗಿದಾಗ ಎರಡು ಸುತ್ತು ನಿಧಾನವಾದರು. ಇಪ್ಪತ್ತನಾಲ್ಕು ಮುಗಿದಾಗ ಓಟ ಆಯಿತೆಂದು ತಿಳಿದು ನಿಲ್ಲಲು ಹೊರಟವರಿಗೆ ಇಬ್ಬರೂ ಕಾಗದ ಎತ್ತಿ ತೋರಿಸಿ ಇನ್ನೊಂದು ಎಂದು ಕೂಗಿದರು. ಆ ಕೊನೆಯ ಸುತ್ತು ಅವರ ಅತಿ ವೇಗದ ಸುತ್ತಾಯಿತು. ಎರಡನೆಯ 5 ಕಿ.ಮೀ. 26 ನಿಮಿಷ 50 ಸೆಕೆಂಡು, ಒಟ್ಟು 53 ನಿಮಿಷ 48 ಸೆಕೆಂಡು. ಎಣಿಕೆಯ ಎರಡೂ ಕಾಗದಗಳು ತಾಳೆಯಾಗಿವೆ.

ದಾಖಲೆ ಪುಸ್ತಕ ಬರೆಯುವ ಸದಸ್ಯ, ಬಟವಾಡಿ

ಮೇಷ್ಟ್ರು ಅಡಿಪಟ್ಟಿ ಹಿಡಿದು ತಾವೇ ಷರಾ ಕಾಲಂ ಎಳೆದುಕೊಟ್ಟರು. ಅವರ ಸಾಲಿನ ಷರಾದಲ್ಲಿ ಸೆಕೆ ಹೆಚ್ಚು, ಕೊನೆಯ ಹತ್ತು ಕಿ.ಮೀ. ಕಂಬದಿಂದ ಕಂಬಕ್ಕೆ ಎಂದು ಬರೆದಿದ್ದೇನೆ. ಅಂಗಡಿ ಅಣ್ಣನವರದು 42.195ರಲ್ಲಿ 31 ಕಿ.ಮೀ., ವೈದ್ಯಕೀಯ ಸಲಹೆಯಂತೆ ನಿಲ್ಲಿಸಿದ್ದು, ಅತಿಯಾಗಿ ನೀರು ಕುಡಿದದ್ದು ಕಾರಣ. ವಿದ್ಯಾರ್ಥಿಯದು ದೇವರಾಯನದುರ್ಗ ಇಳಿಜಾರು, ಏರಿನ ಸಮಯಕ್ಕೆ ಪಕ್ಕದಲ್ಲಿ ಜಾಗ ಬಿಟ್ಟಿದೆ. ಅಕ್ಕನವರಿಗೆ ಎರಡು ಸಾಲು: ಫೆಬ್ರವರಿಯ ಓಟದಲ್ಲಿ ವಯೋಮಾನದ ಎರಡನೇ ಸ್ಥಾನ, ದೂರ ಕಡಿಮೆ ಇದ್ದುದರಿಂದ ಸಮಯ ಬರೆದಿಲ್ಲ. ಅದರ ಕೆಳಗೆ 10,000 ಮೀಟರ್, ಟ್ರ್ಯಾಕ್, 53 ನಿಮಿಷ 48 ಸೆಕೆಂಡು, ಎಣಿಸಿದವರು ಇಬ್ಬರು. ಹಳೆಯ ಪುಟಗಳ ಗನ್ ಸಮಯಗಳನ್ನು ತಿದ್ದಲು ಆಯಾ ಸದಸ್ಯರು ತಮ್ಮ ಚಿಪ್ ಸಮಯದ ಪ್ರಮಾಣಪತ್ರ ತಂದುಕೊಡಬೇಕಾಗಿ ವಿನಂತಿ.

ಭಾನುವಾರದ ಲಾಂಗ್ ರನ್ ಎಂದಿನಂತೆ ಬೆಳಿಗ್ಗೆ 5.30ಕ್ಕೆ ಅಮಾನಿಕೆರೆಯಿಂದ ಹೊರಡುತ್ತದೆ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿಯೊಂದಿಗೆ ಮುಗಿಯುತ್ತದೆ. ಪುಸ್ತಕವನ್ನು ಅಲ್ಲಿಗೆ ತರುತ್ತೇನೆ.